ಗಾಮಾ ಸ್ಫೋಟದ ಬೆಳಕು, ನಮ್ಮ ರಾತ್ರಿ

2008ರ ಮಾರ್ಚ್ 19ರಂದು, ಸುಮಾರು 750 ಕೋಟಿ ವರ್ಷ ಪ್ರಯಾಣ ಮಾಡಿದ ಬೆಳಕೊಂದು ಭೂಮಿ ತಲುಪಿತು. ಅದು ಜಿಆರ್‌ಬಿ 080319ಬಿ ಎಂಬ ಗಾಮಾ ಕಿರಣ ಸ್ಫೋಟ. ಸ್ವಲ್ಪ ಹೊತ್ತು ಬರಿಗಣ್ಣಿಗೇ ಕಾಣುವಷ್ಟು ಪ್ರಖರವಾಗಿತ್ತು. ಆಗ ರೋಣ ತಾಲೂಕಿನ ಹೊಳೆಮಣ್ಣೂರಿನಲ್ಲಿ ಮಾಳಿಗೆ ಹತ್ತಿ ನಿಂತಿದ್ದರೆ ನಮಗೆ ಕಾಣ್ತಿತ್ತಾ? ಇಲ್ಲ. ಇಲ್ಲಿ ಬೆಳಗ್ಗೆ 11.42, ಸುಡುಬಿಸಿಲು. ಆಕಾಶದ ಆ ಭಾಗವೂ ದಿಗಂತದ ಕೆಳಗಿತ್ತು. ಅದನ್ನು ಹಿಡಿದದ್ದು ರಾತ್ರಿಯಲ್ಲಿದ್ದ ಚಿಲಿಯ ಕ್ಯಾಮೆರಾಗಳು.

ಇದು ಹೇಗೆ ಆಗುತ್ತೆ ನೋಡೋಣ. ಭಾರೀ ನಕ್ಷತ್ರ ಕುಸಿದಾಗ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಜೆಟ್ ಹೊರಡುತ್ತೆ. ಗಾಮಾ ಕಿರಣ ಕೆಲವೇ ಸೆಕೆಂಡು ಅಥವಾ ನಿಮಿಷ ಇರುತ್ತೆ. ಆಮೇಲೆ ಜೆಟ್ ಸುತ್ತಲಿನ ಅನಿಲಕ್ಕೆ ಗುದ್ದಿದಾಗ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಬೆಳಕು ಸೂಸುತ್ತವೆ. ಇದೇ ಆಫ್ಟರ್‌ಗ್ಲೋ. ಕಣ್ಣಿಗೆ ಕಾಣುವ ತರಂಗಾಂತರದಲ್ಲಿ ಇದು ಮೊದಲು ಸಿಕ್ಕಿದ್ದು 1997ರ ಫೆಬ್ರವರಿ 28ರ ಸ್ಫೋಟದಲ್ಲಿ.

ಕೆಪಾಸಿಟರ್ ಡಿಸ್ಚಾರ್ಜ್ ನಮಗೆಲ್ಲ ಗೊತ್ತು, ಅದು ಎಕ್ಸ್‌ಪೊನೆನ್ಷಿಯಲ್. ಆಫ್ಟರ್‌ಗ್ಲೋ ಹಾಗಲ್ಲ, ಪವರ್ ಲಾ. ಘಾತ ಸುಮಾರು 1 ಅಂತ ಇಟ್ಟುಕೊಂಡರೆ, ಕಾಲ ಹತ್ತು ಪಟ್ಟಾದಾಗ ಬೆಳಕು ಹತ್ತನೇ ಒಂದು ಭಾಗ, ಅಂದರೆ ಕಾಂತಿಮಾನ 2.5ರಷ್ಟು ಹೆಚ್ಚುತ್ತೆ (ಸಂಖ್ಯೆ ಹೆಚ್ಚಾದಷ್ಟೂ ಮಂಕು). 1 ಗಂಟೆಗೆ 15 ಇದ್ದದ್ದು 10 ಗಂಟೆಗೆ 17.5, 100 ಗಂಟೆಗೆ 20. ಲಾಗ್-ಲಾಗ್ ಗ್ರಾಫ್‌ನಲ್ಲಿ ಇದು ನೇರ ಗೆರೆ. ಗೆರೆ ಎಲ್ಲ ಬಣ್ಣಗಳಲ್ಲೂ ಒಟ್ಟಿಗೇ ಕಡಿದಾದರೆ ಅದರಿಂದ ಜೆಟ್ ಎಷ್ಟು ಕಿರಿದು ಅಂತ ಲೆಕ್ಕ ಹಾಕಬಹುದು. ಆದರೆ ನಡುವೆ ಹಗಲಾಗಿ ಬಿಂದುಗಳೇ ಇಲ್ಲದಿದ್ದರೆ ಆ ತಿರುವು ಎಲ್ಲಿತ್ತು ಅಂತ ಹೇಳೋದು ಹೇಗೆ?

ಇಲ್ಲೇ ನಮ್ಮ ರೇಖಾಂಶ ಕೆಲಸಕ್ಕೆ ಬರುತ್ತೆ. 2003ರ ಮಾರ್ಚ್ 29ರ ಸ್ಫೋಟ ನಮ್ಮ ಸಮಯ ಸಂಜೆ 5.07ಕ್ಕೆ ಆಯಿತು. ಸ್ವಲ್ಪ ಹೊತ್ತಲ್ಲೇ ಭಾರತದಲ್ಲಿ ಕತ್ತಲು. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಕೂಡ ಆ ಆಫ್ಟರ್‌ಗ್ಲೋವನ್ನು ಅಳೆಯಿತು. ಇದನ್ನು ನಡೆಸೋದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ಅದೂ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ! ಆ ಆಫ್ಟರ್‌ಗ್ಲೋ ಮಂಕಾಗುತ್ತಾ ಹೋದಂತೆ ಹಲವು ದೇಶಗಳ ಟೆಲಿಸ್ಕೋಪ್‌ಗಳು ಅದರೊಳಗೆ ಸೂಪರ್‌ನೋವಾ 2003ಡಿಎಚ್ ಕಂಡವು. ಇಂಥ ದೀರ್ಘ ಸ್ಫೋಟಗಳಿಗೆ ನಕ್ಷತ್ರದ ಸಾವೇ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿತು.

ಈಗ ನಮ್ಮೆಲ್ಲರಿಗೂ ಒಂದು ಲೆಕ್ಕ: ಮೇಲಿನ ಉದಾಹರಣೆಯಲ್ಲಿ 24 ಗಂಟೆಗೆ ಕಾಂತಿಮಾನ ಎಷ್ಟು? ಸುಮಾರು 18.45 ಬಂದರೆ ಸರಿ.