ಬಡಗಿಯ ಹಳೆಯ ಉಪಕರಣಗಳು

ನಮ್ಮ ಹಳ್ಳಿಗಳ ಹಳೆಯ ಮನೆಗಳಲ್ಲಿ ಅಟ್ಟವನ್ನು ಹುಡುಕಿದರೆ ಕಾವು ಸಡಿಲವಾದ ಬಾಚಿ, ತುಕ್ಕು ಹಿಡಿದ ಉಳಿ, ಮಸಿ ಹಿಡಿದ ಉಜ್ಜುಗೊರಡು ಇವುಗಳಲ್ಲಿ ಒಂದಾದರೂ ಸಿಕ್ಕೀತು. ವಿದ್ಯುತ್ ಯಂತ್ರಗಳು ಬಂದ ಮೇಲೆ ಇವು ಮೂಲೆ ಸೇರಿದವು. ಕೆಲವರು ಇವನ್ನು ಒಲೆಗೆ ಹಾಕುತ್ತಾರೆ. ಕೆಲವರು ಹೊಳೆಯುವ ಬಣ್ಣ ಬಳಿದು ಗೋಡೆಗೆ ತೂಗುಹಾಕುತ್ತಾರೆ. ಉಪಕರಣದ ಪಾಲಿಗೆ ಇವೆರಡರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದೇ ನನ್ನ ಭಾವನೆ. ಮರವನ್ನು ಮತ್ತೆ ಕೆತ್ತುವಂತಾದರೆ ಮಾತ್ರ ಬಾಚಿ ಬಾಚಿಯೆನಿಸುತ್ತದೆ.

ಇವುಗಳನ್ನು ದುರಸ್ತಿ ಮಾಡಹೊರಟವನು ಮೊದಲು ಮರದ ಸ್ವಭಾವವನ್ನು ಅರಿಯಬೇಕು. ಕಡಿದು ಎಷ್ಟು ವರ್ಷ ಕಳೆದರೂ ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಬಾಚಿಯ ಕಾವು ಬೇಸಗೆಯಲ್ಲಿ ಸಡಿಲವಾಗುವುದು ಇದರಿಂದಲೇ. ಅದನ್ನು ನೀರಿನಲ್ಲಿ ನೆನೆಹಾಕಿ ಬಿಗಿಮಾಡುವುದುಂಟು. ಅಂದಿನ ಕೆಲಸಕ್ಕೆ ಅಷ್ಟು ಸಾಕು. ಆದರೆ ಹಿಗ್ಗಹೊರಟ ಮರಕ್ಕೆ ಸುತ್ತಲಿನ ಕಬ್ಬಿಣವು ಎಡೆಗೊಡುವುದಿಲ್ಲ. ಎಳೆಗಳು ಒತ್ತಡಕ್ಕೆ ಸಿಕ್ಕಿ ನಜ್ಜುಗುಜ್ಜಾಗುತ್ತವೆ. ಮತ್ತೆ ಒಣಗಿದಾಗ ಕಾವು ಮೊದಲಿಗಿಂತಲೂ ಸಣ್ಣದಾಗಿರುತ್ತದೆ. ಹೀಗೆ ಪದೇ ಪದೇ ನೆನೆಸಿದ ಬಾಚಿಯ ತಲೆಯು ಒಂದು ದಿನ ಕಾವಿನಿಂದ ಕಳಚಿ ಹಾರಿ ಎದುರಿನವರಿಗೆ ಬಡಿದೀತು. ಚೆನ್ನಾಗಿ ಒಣಗಿದ ಜಾಲಿಯ ಮರದಿಂದ ಹೊಸ ಕಾವು ಮಾಡಿ ಬೆಣೆ ಬಡಿಯುವುದೇ ಸರಿ.

ತುಕ್ಕಿನ ಕೆಲಸ ಸುಲಭ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಿಟ್ಟು ಉಜ್ಜಿದರೆ ಮೇಲ್ಮೈಯ ತುಕ್ಕು ಬಿಡುತ್ತದೆ. ಅಲಗನ್ನು ಸಾಣೆಚಕ್ರಕ್ಕೆ ಹಿಡಿಯುವಾಗ ಮಾತ್ರ ಆಗಾಗ ನೀರಿನಲ್ಲಿ ಅದ್ದುತ್ತಿರಬೇಕು. ಅಂಚು ನೀಲಿಗೆ ತಿರುಗಿತೆಂದರೆ ಉಕ್ಕಿನ ಹದ ಕೆಟ್ಟಿತು.

ಉಜ್ಜುಗೊರಡಿಗೆ ಹೆಚ್ಚಿನ ತಾಳ್ಮೆ ಬೇಕು. ಇದು ಬಹು ಪುರಾತನ ಉಪಕರಣ, ಕ್ರಿ.ಶ. 79ರಲ್ಲಿ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದ ಅವಶೇಷಗಳಲ್ಲಿಯೂ ದೊರೆತಿದೆ. ಬಹುಕಾಲ ದುಡಿದ ಗೊರಡಿನ ತಳ ಸವೆದಿರುತ್ತದೆ. ತಳ ಸಮವಿಲ್ಲದಿದ್ದರೆ ಹಲಗೆಯೂ ಸಮವಾಗದು. ತಳದ ಮೇಲೆ ಸೀಸದ ಕಡ್ಡಿಯಿಂದ ಗೀಟುಗಳನ್ನೆಳೆದು, ದಪ್ಪ ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಗೀಟುಗಳು ಅಳಿಯುವವರೆಗೆ ತಿಕ್ಕಬೇಕು. ಆಗ ಅಲಗನ್ನು ಒಳಕ್ಕೆ ಸರಿಸಿ, ಬೆಣೆಯನ್ನು ಬಿಗಿಯಾಗಿಯೇ ಇಟ್ಟಿರಬೇಕು. ಬೆಣೆಯ ಒತ್ತಡಕ್ಕೆ ಗೊರಡು ಕೂದಲೆಳೆಯಷ್ಟು ಬಾಗುವುದುಂಟು. ಅತಿಯಾಗಿ ತಿಕ್ಕಿದರೆ ಅಲಗು ಹೊರಡುವ ಬಾಯಿ ಅಗಲವಾಗಿ, ಉಜ್ಜುವಾಗ ಮರದ ಎಳೆ ಕಿತ್ತುಬರುತ್ತದೆ.

ಗೊರಡಿನ ಮೇಲ್ಭಾಗದಲ್ಲಿ, ಬಡಗಿಯು ಹೆಬ್ಬೆರಳು ಊರುತ್ತಿದ್ದ ಕಡೆ, ಒಂದು ನುಣುಪಾದ ತಗ್ಗು ಕಾಣುವುದುಂಟು. ಅದನ್ನು ಮುಟ್ಟಬೇಡಿ. ಹೆಸರು ತಿಳಿಯದ ಒಬ್ಬ ಕುಶಲಿಯ ದುಡಿಮೆಯ ಗುರುತದು. ನಿಮ್ಮ ಬೆರಳಿಗೂ ಒಗ್ಗೀತು. ಧೂಳು ಒರೆಸಿ ಅಗಸೆಯೆಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಎಸೆಯಬಾರದು. ಅಗಸೆಯೆಣ್ಣೆ ಒಣಗುವಾಗ ಶಾಖ ಹುಟ್ಟುವುದರಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಿನಲ್ಲಿ ಹರಡಿ ಒಣಗಿಸಬೇಕು.