ಆಪರೇಷನ್ನಿಗೆ ಮುಂಚೆ ತೂಕ ಸರಿಯಾಗಿ ಹೇಳಿ



ಗರ್ಭಕೋಶದ ಆಪರೇಷನ್, ಪಿತ್ತಕೋಶದ ಕಲ್ಲು, ಮಕ್ಕಳ ಟಾನ್ಸಿಲ್ ಅಂತ ಸಂಘದಿಂದ ಸಾಲ ಪಡೆಯುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಬಡ್ಡಿ ಎಷ್ಟು, ಕಂತು ಎಷ್ಟು ಎಂದು ಎರಡೆರಡು ಸಲ ಕೇಳುತ್ತೇವೆ. ಆದರೆ ಮತ್ತು ಕೊಡುವ ಡಾಕ್ಟರು ಬಂದು ನಾಲ್ಕು ಪ್ರಶ್ನೆ ಕೇಳಿದರೆ, ಬೇಗ ಮುಗಿಯಲಿ ಅಂತ ತಲೆಯಾಡಿಸಿಬಿಡುತ್ತೇವೆ. ಆ ಪ್ರಶ್ನೆಗಳು ಯಾಕೆ ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದು ಬೇರೆ. ಪೂರ್ತಿ ಅರಿವಳಿಕೆಯಲ್ಲಿ ಎಚ್ಚರ ತಪ್ಪಿದಾಗ ನಾಲಿಗೆ ಸಡಿಲವಾಗಿ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಮುಚ್ಚಬಹುದು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟರಂತೂ ತಾನಾಗಿ ಉಸಿರಾಡುವುದೇ ನಿಲ್ಲುತ್ತದೆ. ಹಾಗಾಗಿ ಬಾಯಿಯೊಳಗಿಂದ ಒಂದು ಸಾಧನ ಇಟ್ಟು ಗಾಳಿ ಕೊಡುತ್ತಾರೆ.

ಬಳೆಗಾರ ಕೈ ನೋಡಿಯೇ ಎರಡು ನಾಲ್ಕೋ ಎರಡು ಆರೋ ಎನ್ನುತ್ತಾನಲ್ಲ, ಇಲ್ಲಿಯೂ ಅಳತೆ ಉಂಟು. ಬಳೆ ತಪ್ಪಿದರೆ ಒಡೆದೀತು, ಅಷ್ಟೇ. ಇಲ್ಲಿ ಚಿಕ್ಕದಾದರೆ ಗಾಳಿ ಸೋರಿ ಶ್ವಾಸಕೋಶಕ್ಕೆ ಸಾಲದು. ದೊಡ್ಡದಾದರೆ ಗಂಟಲಿಗೆ ಪೆಟ್ಟು, ಆಮೇಲೆ ನೋವು, ಧ್ವನಿ ಒಡೆಯುವುದು.

ಸಾಧನಗಳಲ್ಲಿ ಒಂದು, ಧ್ವನಿಪೆಟ್ಟಿಗೆಯ ಮೇಲೆ ಕೂರುವ ಮಾಸ್ಕ್. ಇದನ್ನು ರೂಪಿಸಿದವರು ಇಂಗ್ಲೆಂಡಿನ ಡಾ. ಆರ್ಚಿ ಬ್ರೈನ್, 1983ರಲ್ಲಿ ಅದರ ಬಗ್ಗೆ ಬರೆದು ಜಗತ್ತಿಗೆ ತಿಳಿಸಿದರು. ಇದರ ನಂಬರು ತೂಕದ ಮೇಲೆ. ಮೂಲ ಮಾದರಿಯಲ್ಲಿ 30ರಿಂದ 50 ಕೆ.ಜಿ.ಯವರಿಗೆ 3, 50ರಿಂದ 70ರವರೆಗೆ 4, 70ರಿಂದ 100ರವರೆಗೆ 5. ಹತ್ತು ಕೆ.ಜಿ.ಯ ಒಳಗಿನ ಕೂಸುಗಳಿಗೆ 1, ಒಂದೂವರೆ ಎಂದೂ ಇವೆ. ಕಂಪನಿ ಬದಲಾದರೆ ಪಟ್ಟಿಯೂ ಸ್ವಲ್ಪ ಬದಲಾಗುತ್ತದೆ. ಮೈ ತುಂಬಾ ದಪ್ಪ ಇದ್ದವರ ಗಂಟಲು ಅದೇ ಲೆಕ್ಕದಲ್ಲಿ ದೊಡ್ಡದಿರುವುದಿಲ್ಲ, ಆದ್ದರಿಂದ ಡಾಕ್ಟರು ಎತ್ತರ, ಬಾಯಿ ಎಲ್ಲ ನೋಡಿಯೇ ತೀರ್ಮಾನಿಸುತ್ತಾರೆ.

ಇನ್ನೊಂದು, ಶ್ವಾಸನಾಳದೊಳಗೇ ಹೋಗುವ ಕೊಳವೆ. ಹೊಟ್ಟೆಯ ದೊಡ್ಡ ಆಪರೇಷನ್ನಿಗೆ ಸಾಮಾನ್ಯವಾಗಿ ಇದೇ. ಇದರ ನಂಬರು ಒಳಗಿನ ಅಗಲ, ಮಿಲಿಮೀಟರಿನಲ್ಲಿ. ಹೆಂಗಸರಿಗೆ ಹೆಚ್ಚಾಗಿ 7 ಅಥವಾ 7.5, ಗಂಡಸರಿಗೆ 8ರ ಆಸುಪಾಸು. ಮಕ್ಕಳಿಗೆ ವಯಸ್ಸನ್ನು ನಾಲ್ಕರಿಂದ ಭಾಗಿಸಿ, ತುದಿಯಲ್ಲಿ ಬಲೂನು ಇರುವ ಕೊಳವೆಯಾದರೆ ಮೂರೂವರೆ ಕೂಡಿಸುತ್ತಾರೆ: ನಾಲ್ಕು ವರ್ಷದ ಮಗುವಿಗೆ ನಾಲ್ಕೂವರೆ. ಮಗುವಿನ ನಾಳ ಸಪೂರ, ಅರ್ಧ ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಒಂದು ಮೇಲಿನ, ಒಂದು ಕೆಳಗಿನ ಅಳತೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ.

ನಂಬರು ಆರಿಸುವುದು ನಮ್ಮ ಕೆಲಸ ಅಲ್ಲ, ಬಿಡಿ. ಸರಿಯಾದ ಮಾಹಿತಿ ಕೊಡುವುದು ನಮ್ಮ ಕೆಲಸ. "ಐವತ್ತು ಇರಬಹುದು" ಎಂದು ಅಂದಾಜಿನಲ್ಲಿ ಹೇಳುವವರು ಬಹಳ. ನಾಚಿಕೆಯಿಂದ ಕಡಿಮೆ ಹೇಳುವವರೂ ಇದ್ದಾರೆ. ತೂಕದ ಮೇಲೆ ಔಷಧಿಯ ಪ್ರಮಾಣವೂ ನಿಂತಿದೆ. ಅಂಗನವಾಡಿಯಲ್ಲಿ ಮಗುವನ್ನು ಮೊನ್ನೆ ತೂಗಿದ್ದರೂ ಆಸ್ಪತ್ರೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿ.

"ಬಾಯಿ ತೆರೆಯಿರಿ, ನಾಲಿಗೆ ಚಾಚಿ" ಎಂದರೆ ನಗಬೇಡಿ. ಗಂಟಲು ಎಷ್ಟು ಕಾಣುತ್ತದೆ ಎಂದು ನೋಡಿ ಕೊಳವೆ ಹಾಕುವುದು ಕಷ್ಟವೋ ಎಂದು ಅಂದಾಜಿಸುವ ಈ ಪರೀಕ್ಷೆಗೆ, 1985ರಲ್ಲಿ ಅದನ್ನು ಪ್ರಕಟಿಸಿದ ಭಾರತ ಮೂಲದ ಡಾ. ಮಲ್ಲಂಪಾಟಿಯವರ ಹೆಸರೇ ಇದೆ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲಿನ ಸೆಟ್ಟು, ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ, ಜೋರು ಗೊರಕೆ, ದಮ್ಮು, ಹಿಂದಿನ ಆಪರೇಷನ್ನಿನಲ್ಲಿ ಕೊಳವೆ ಹಾಕಲು ತೊಂದರೆ ಆಗಿದ್ದು ಯಾವುದನ್ನೂ ಮುಚ್ಚಿಡಬೇಡಿ. ಹಳೇ ಚೀಟಿ ಇದ್ದರೆ ತಗೊಂಡು ಹೋಗಿ.

ಉಪವಾಸದ ಮಾತು ಎಲ್ಲಕ್ಕಿಂತ ಗಟ್ಟಿ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಹಗುರ ಊಟವಾಗಿ ಕನಿಷ್ಠ ಆರು ಗಂಟೆ, ಎದೆಹಾಲಿಗೆ ನಾಲ್ಕು, ಬರೀ ನೀರಿಗೆ ಎರಡು ಗಂಟೆ ಬಿಡುವುದು ಸಾಮಾನ್ಯ ನಿಯಮ. ಎಣ್ಣೆ, ಮಾಂಸದ ಊಟವಾದರೆ ಇನ್ನೂ ಹೆಚ್ಚು. ನಿಮ್ಮ ಡಾಕ್ಟರು ಹೇಳಿದ ಹೊತ್ತನ್ನೇ ಪಾಲಿಸಿ. ಮಗು ಅಳುತ್ತದೆ ಅಂತ ಅಜ್ಜಿ ಒಂದು ಬಿಸ್ಕತ್ತು ಕೊಟ್ಟಿದ್ದರೆ ಬೈಗುಳಕ್ಕೆ ಹೆದರದೆ ಹೇಳಿಬಿಡಿ. ಆಪರೇಷನ್ ಕೆಲವು ಗಂಟೆ ಮುಂದೆ ಹೋದೀತು, ಇಲ್ಲವೇ ಮರುದಿನಕ್ಕೆ.