ಚಿನ್ನದ ನೆರೆಮನೆ

ಪ್ರಶ್ನೆ: ಪೆಟ್ರೋಲಿಯಂ ಹುಡುಕುವವರು ನೆಲವನ್ನು ನಡುಗಿಸಿ, ಒಳಗಿನಿಂದ ಬರುವ ಮಾರ್ದನಿ ಕೇಳಿಸಿಕೊಂಡು ಆಳದ ಚಿತ್ರ ಬರೆಯುತ್ತಾರೆಂದು ಓದಿದ್ದೇನೆ. ಅದೇ ಉಪಾಯದಿಂದ ಚಿನ್ನವನ್ನೂ ಹುಡುಕಬಹುದಲ್ಲವೇ? ನಮ್ಮ ಕೋಲಾರದಲ್ಲಿ ಯಾಕೆ ಮಾಡಬಾರದು?

ಉತ್ತರ: ಹುಡುಕಬಹುದು, ಹುಡುಕಿದ್ದಾರೆ ಕೂಡ. ಆದರೆ ಆ ಚಿತ್ರದಲ್ಲಿ ಚಿನ್ನ ಕಾಣುವುದಿಲ್ಲ. ಮದುವೆಯಲ್ಲಿ ಅರುಂಧತಿಯನ್ನು ತೋರಿಸುವ ಪುರೋಹಿತರು ಮೊದಲು ಪಕ್ಕದ ದೊಡ್ಡ ನಕ್ಷತ್ರದತ್ತ ಬೆರಳು ಮಾಡುತ್ತಾರಲ್ಲ, ಇಲ್ಲಿ ನಡೆಯುವುದೂ ಹಾಗೆಯೇ. (ಹಗಲಿನ ಮುಹೂರ್ತದಲ್ಲೂ ತೋರಿಸುತ್ತಾರೆ, ಆ ಮಾತು ಬೇರೆ.)

ಈ ಕೆಲಸ ಚೆನ್ನಾಗಿ ಕೈಹಿಡಿದ ಜಾಗ ದಕ್ಷಿಣ ಆಫ್ರಿಕಾದ ವಿಟ್ವಾಟರ್ಸ್‌ರಾಂಡ್. ಅಲ್ಲಿ ಚಿನ್ನ ಇರುವುದು ಉರುಟು ಬೆಣಚುಕಲ್ಲುಗಳು ಬೆಸೆದುಕೊಂಡ ಪದರಗಳಲ್ಲಿ. ಗಣಿಯವರ ಬಾಯಲ್ಲಿ ಅದು ‘ರೀಫ್’. ಎಷ್ಟೋ ಕಡೆ ಅದರ ದಪ್ಪ ಒಂದು ಮೀಟರಿನ ಆಸುಪಾಸು, ಆಳ ಮಾತ್ರ ಎರಡು ಮೂರು ಕಿಲೋಮೀಟರ್. ಗಟ್ಟಿ ಶಿಲೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, 3 ಕಿ.ಮೀ. ಇಳಿದು ಮರಳಲು ಒಂದೇ ಸೆಕೆಂಡು. ಸೆಕೆಂಡಿಗೆ 60 ಸಲ ಕಂಪಿಸುವ ಅಲೆಯಾದರೆ ಅದರ ಉದ್ದ 100 ಮೀಟರ್. ಅದರ ಕಾಲು ಭಾಗಕ್ಕಿಂತ ತೆಳುವಾದ ಪದರದ ಮೇಲು ಯಾವುದು, ತಳ ಯಾವುದು ಎಂದು ಅದು ಬಿಡಿಸಿ ಹೇಳಲಾರದು. ಹೀಗಿರುವಾಗ ಮೀಟರ್ ದಪ್ಪದ ರೀಫ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಮಾರ್ದನಿ ಹುಟ್ಟುವುದು ಎರಡು ಬಗೆಯ ಶಿಲೆಗಳು ಸೇರುವ ಗಡಿಯಲ್ಲಿ. ಶಿಲೆಯ ಸಾಂದ್ರತೆಯನ್ನು ಅದರೊಳಗಿನ ಅಲೆಯ ವೇಗದಿಂದ ಗುಣಿಸಿ; ಆ ಸಂಖ್ಯೆ ಗಡಿಯಲ್ಲಿ ಎಷ್ಟು ಬದಲಾಗುವುದೋ ಮಾರ್ದನಿ ಅಷ್ಟು ಜೋರು. ವಿಟ್ವಾಟರ್ಸ್‌ರಾಂಡ್‌ನಲ್ಲಿ ಮೇಲೆ ವೆಂಟರ್ಸ್‌ಡಾರ್ಪ್ ಲಾವಾ ಶಿಲೆ, ಕೆಳಗೆ ಅದಕ್ಕಿಂತ ಹಗುರಾದ ಕ್ವಾರ್ಟ್ಸೈಟ್ ಶಿಲೆ. ಗಡಿ ಸೊಗಸಾಗಿ ಮಾರ್ನುಡಿಯುತ್ತದೆ. ಅದೃಷ್ಟಕ್ಕೆ ಮುಖ್ಯ ರೀಫ್‌ಗಳಲ್ಲೊಂದು ಇರುವುದು ಇದೇ ಗಡಿಗೆ ಅಂಟಿಕೊಂಡು. ನೆರೆಮನೆ ಸಿಕ್ಕಿತೆಂದರೆ ಮನೆ ಸಿಕ್ಕಂತೆ.

1980ರ ದಶಕದಲ್ಲಿ ಅಲ್ಲಿ ಸಾಲುಸಾಲಾಗಿ ಸಮೀಕ್ಷೆ ನಡೆಯಿತು. ದಶಕದ ಕೊನೆಯ ಹೊತ್ತಿಗೆ ಸೌತ್ ಡೀಪ್ ಗಣಿಪ್ರದೇಶದಲ್ಲಿ ಮೂರು ಆಯಾಮಗಳ ಚಿತ್ರವೂ ಬಂತು. ಹೊಸ ಚಿನ್ನ ಹುಡುಕಿದ್ದಕ್ಕಿಂತ, ರೀಫ್ ಎಲ್ಲಿ ಕಡಿದು ಜಾರಿದೆ ಎಂದು ಮೊದಲೇ ತಿಳಿಸಿದ್ದು ಇದರ ದೊಡ್ಡ ಉಪಕಾರವೆಂದು ನನ್ನೆಣಿಕೆ. ವರ್ಷಗಟ್ಟಲೆ ಶಾಫ್ಟ್ ತೋಡಿ ಇಳಿದ ಮೇಲೆ ರೀಫ್ ಇನ್ನೂ ನೂರು ಮೀಟರ್ ಕೆಳಗೆ ಕುಸಿದಿದೆಯೆಂದು ಗೊತ್ತಾದರೆ ಗಣಿಯವನ ಗತಿಯೇನು?

ಚಿನ್ನವಲ್ಲದ ಕೆಲವು ಲೋಹಗಳ ಅದಿರು ತಾನೇ ಮಾರ್ದನಿ ಕೊಡುವುದೂ ಉಂಟು. ಪೈರೈಟ್‌ನಂಥ ಸಲ್ಫೈಡುಗಳು ಸುತ್ತಲಿನ ಶಿಲೆಗಿಂತ ಬಹಳ ಭಾರ. ಕೆನಡಾದ ಹಾಫ್‌ಮೈಲ್ ಲೇಕ್‌ನಲ್ಲಿ 1990ರ ದಶಕದಲ್ಲಿ ಹೀಗೆಯೇ ಒಂದು ಕಿಲೋಮೀಟರಿಗಿಂತ ಆಳದ ಸಲ್ಫೈಡ್ ಅದಿರಿನ ಸುಳಿವು ಸಿಕ್ಕಿತು.

ಇನ್ನು ಕೋಲಾರ. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿನ ಗಣಿ 3 ಕಿ.ಮೀ. ದಾಟಿತ್ತು. ಆಳದಲ್ಲಿ ಅಲ್ಲೂ ಚಿನ್ನ ಇದೆಯೆನ್ನಿ. ಆದರೆ ಅದು ಮಲಗಿದ ಪದರವಲ್ಲ. ಚಾಂಪಿಯನ್ ಲೋಡ್ ಎಂಬ ಬೆಣಚಿನ ಸಿರೆ ಆಳಕ್ಕೆ ಹೋದಂತೆ ಹೆಚ್ಚುಕಡಿಮೆ ಗೋಡೆಯ ಹಾಗೆ ನೆಟ್ಟಗಾಗುತ್ತದೆ. ಮೇಲಿನಿಂದ ಬಿಟ್ಟ ಅಲೆ ಗೋಡೆಯ ಮೈ ಸವರಿಕೊಂಡು ಕೆಳಗೆ ಹೋಗುತ್ತದೆಯೇ ಹೊರತು ಮೇಲೆ ಕೂತ ಜಿಯೋಫೋನಿಗೆ, ಅಂದರೆ ನೆಲದ ಕಂಪನ ಆಲಿಸುವ ಉಪಕರಣಕ್ಕೆ, ಮರಳುವುದಿಲ್ಲ. ಇಂಥ ಕಡೆ ಪಕ್ಕದಲ್ಲಿ ಕೊಳವೆ ಕೊರೆದು, ಜಿಯೋಫೋನುಗಳನ್ನು ಅದರೊಳಗೆ ಇಳಿಬಿಟ್ಟು, ಗೋಡೆಯ ಮಾರ್ದನಿಯನ್ನು ಮಗ್ಗುಲಿನಿಂದ ಆಲಿಸಬೇಕಾಗುತ್ತದೆ.